ಜನಪ್ರಿಯತೆ ಮತ್ತು ಮಾತಿನ ಹದ

ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ಹೆದ್ದಾರಿಯಲ್ಲಿ ಶಾಂತಿಗ್ರಾಮ ಸಿಗುತ್ತದೆ. ಹೊಯ್ಸಳ ರಾಣಿ ಶಾಂತಲೆಯ ಹೆಸರು ಹೊತ್ತ ಊರೆಂದು ಜನ ಹೇಳುತ್ತಾರೆ. 1989ರಲ್ಲಿ ಅಲ್ಲಿ ಹುಟ್ಟಿದ ಶ್ರೀ ಚಂದನ್ ಶೆಟ್ಟಿಯವರು ಇಂದು ಕನ್ನಡದ ರ್‍ಯಾಪ್ ಗಾಯಕರಲ್ಲಿ ಮನೆಮಾತಾದವರು. ಅರ್ಜುನ್ ಜನ್ಯರ ಬಳಿ ಸಹಾಯಕರಾಗಿ ದುಡಿದು, ‘3 ಪೆಗ್’ ಹಾಡಿನಿಂದ ಹೆಸರು ಮಾಡಿ, 2018ರ ಜನವರಿಯಲ್ಲಿ ‘ಬಿಗ್ ಬಾಸ್’ ಸ್ಪರ್ಧೆಯನ್ನು ಗೆದ್ದರು. ಅವರು ಸಂಗೀತ ಹೂಡಿ ಹಾಡಿದ, ‘ಪೊಗರು’ ಚಿತ್ರದ ‘ಕರಾಬು’ 2020ರ ಏಪ್ರಿಲ್‌ನಲ್ಲಿ ಹೊರಬಂದು, ಯೂಟ್ಯೂಬಿನಲ್ಲಿ 10 ಕೋಟಿಗೂ ಮಿಕ್ಕಿದ ವೀಕ್ಷಣೆ ಪಡೆಯಿತು. 2011ರ ಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆಯೇ 6 ಕೋಟಿ 11 ಲಕ್ಷ! ಸಾವಿರ ಪ್ರತಿ ಖರ್ಚಾಗಲು ವರ್ಷಗಟ್ಟಲೆ ಕಾಯುವ ನಮ್ಮ ಕವಿಗಳು ಕರುಬಿದರೆ ತಪ್ಪಿಲ್ಲ.

ರ್‍ಯಾಪ್ ಎಂದೊಡನೆ ಮುಖ ಸಿಂಡರಿಸುವ ವಾಚಕರೂ ಉಂಟು. ಅವಸರ ಬೇಡ. 1970ರ ದಶಕದಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಕೇರಿಗಳ ಬಡ ತರುಣರು ಕಟ್ಟಿದ ಕಲೆ ಅದು. ರಾಗದ ಆಸರೆ ಕಡಿಮೆ. ಭಾರವೆಲ್ಲ ಮಾತಿನ ಮೇಲೆ. ಕನ್ನಡ ಇಷ್ಟು ಚುರುಕಾಗಿ, ಅಷ್ಟೇ ಸಲೀಸಾಗಿ ಓಡಬಲ್ಲದೆಂದು ‘3 ಪೆಗ್’ ತೋರಿಸಿತು. ವಸ್ತು ಹೆಂಡದ್ದಾದರೂ ನುಡಿ ಬಾಡಿಗೆಯದಲ್ಲ. ಆದರೆ ಹೊಳೆನರಸೀಪುರದ ಗಣೇಶನ ಪೆಂಡಾಲಿನಲ್ಲಿ ಹುಡುಗರು ಇವರ ಹಾಡಿಗೆ ಕುಣಿಯುವುದನ್ನು ನಾವು ಕಂಡಾಗ, ಅವರೆಲ್ಲ ಒಕ್ಕೊರಲಿನಿಂದ ಕೂಗಿದ್ದು ಪಲ್ಲವಿಯನ್ನು ಮಾತ್ರ. ಮಾತು ಬಂದಲ್ಲಿ ಬಾಯಿ ಮುಚ್ಚುತ್ತಿತ್ತು.

ಜನಪ್ರಿಯತೆಯೇ ದೋಷವೆನ್ನುವವರು ನಾವಲ್ಲ. ಇದೇ ಜಿಲ್ಲೆಯ ಅರಕಲಗೂಡನ್ನು ಹೆಸರಿನಲ್ಲೇ ಇಟ್ಟುಕೊಂಡ ಅ.ನ.ಕೃ. ಅವರೂ ಆ ಮಾತು ಕೇಳಿದವರೇ. ‘ನಗ್ನಸತ್ಯ’, ‘ಶನಿಸಂತಾನ’ ಅಶ್ಲೀಲವೆಂದು ಗದ್ದಲವೆದ್ದಾಗ ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಬರೆದು ಉತ್ತರ ಕೊಟ್ಟರು. ವೇಶ್ಯೆಯ ಬಾಳನ್ನು ಬರೆದರೂ ಆಕೆ ಅವರಿಗೆ ಮೊದಲು ಮನುಷ್ಯಳು. ‘ಕರಾಬು’ವಿನಲ್ಲಿ ಕಾಣದ್ದು ಆ ಕಣ್ಣು. ಒಲ್ಲದ ಹುಡುಗಿಯನ್ನು ಕಾಡುವುದೇ ಅಲ್ಲಿ ಪ್ರಣಯ. ಚಿತ್ರೀಕರಣ ಶೆಟ್ಟಿಯವರದಲ್ಲ, ಒಪ್ಪೋಣ. ಆದರೆ ಆ ಕಾಟಕ್ಕೆ ಕುಣಿಯುವ ತಾಳ ಕೊಟ್ಟವರು ಅವರೇ.

ಅದೇ ವರ್ಷದ ಆಗಸ್ಟಿನಲ್ಲಿ ‘ಕೋಲುಮಂಡೆ’ ಬಂತು. ಮಲೆ ಮಹದೇಶ್ವರರ ಜನಪದ ಹಾಡನ್ನು ಎತ್ತಿಕೊಂಡದ್ದು ಸರಿಯಾದ ಆಯ್ಕೆ ಎಂದೇ ನಮ್ಮ ಅಭಿಪ್ರಾಯ. ಆದರೆ ಶರಣೆ ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರು ನೊಂದರು. ಶೆಟ್ಟಿಯವರು ಕ್ಷಮೆ ಕೇಳಿದರು, ವಿಡಿಯೊ ಹಿಂದೆ ಸರಿಯಿತು. ಗಲಾಟೆಯೆಲ್ಲ ಉಡುಪು, ಕುಣಿತಗಳ ಸುತ್ತಲೇ ನಡೆದು, ಸಂಕಮ್ಮ ಯಾರೆಂಬುದನ್ನು ಕೇಳಿದವರು ಕಡಿಮೆ. ಗಂಡ ನೀಲಯ್ಯ ಜೇನು ತರಲು ಕಾಡಿಗೆ ಹೊರಟಾಗ, ಹೆಂಡತಿಯ ಶೀಲವನ್ನು ಶಂಕಿಸಿ ಭಾಷೆ ಕೇಳುತ್ತಾನೆ. ಆಕೆ ಕೊಡಲೊಲ್ಲಳು. ಗುಡಿಸಲಿನಲ್ಲಿ ಕೂಡಿಹಾಕಿ ಹಿಂಸಿಸಿದರೂ ಕೊಡಲೊಲ್ಲಳು. ಗಂಡಸಿನ ಕಾಟಕ್ಕೆ ಇಲ್ಲವೆಂದ ಹೆಣ್ಣೊಬ್ಬಳ ಕಥೆ ಏಪ್ರಿಲ್‌ನ ‘ಕರಾಬು’ವಿಗೆ ಆಗಸ್ಟಿನಲ್ಲಿ ಉತ್ತರವಾಗಬಹುದಿತ್ತು. ಅದು ಪಲ್ಲವಿಯಾಗಿ ಮುಗಿದುಹೋಯಿತು.

ಕಂಸಾಳೆಯ ದೇವರಗುಡ್ಡರು ಇದೇ ಕಥೆಯನ್ನು ರಾತ್ರಿಯಿಡೀ ಹಾಡುತ್ತಾರೆ: ಒಮ್ಮೆ ಮಾತು, ಒಮ್ಮೆ ಮಟ್ಟು, ನಡುವೆ ಉಸಿರಿನ ಪಟ್ಟು. ರ್‍ಯಾಪ್ ಬಯಸುವುದೂ ಇದನ್ನೇ. ಚುರುಕು ನಾಲಿಗೆ ಶೆಟ್ಟಿಯವರಿಗೆ ಇದೆ. ಸಂಕಮ್ಮನ ಕಥೆಯನ್ನು ಅವರು ಇನ್ನೊಮ್ಮೆ, ಒಂದು ಜೊತೆ ಕಂಸಾಳೆ ಮತ್ತು ಆ ನಾಲಿಗೆಯನ್ನಷ್ಟೇ ನಂಬಿ ಹೇಳುವುದಾದರೆ, ಹತ್ತು ಕೋಟಿಯಲ್ಲಿ ಸೇರದ ನಾವೂ ಕೂತು ಕೇಳುತ್ತೇವೆ.