ಪಾಕವೋ, ಸವಳೋ? ಮಧುಮೇಹದ ನಿರೂಪಣೆಯಲ್ಲಿ ಒಂದು ಉಪಮಾನದ ವಿಮರ್ಶೆ

ಶಾಸ್ತ್ರವಿಷಯವನ್ನು ಜನಸಾಮಾನ್ಯರಿಗೆ ತಿಳಿಸಹೊರಟವನಿಗೆ ಉಪಮಾನವು ಅನಿವಾರ್ಯವಾದ ಸಾಧನ. ಕಾವ್ಯದಲ್ಲಿ ಅದು ಕೆಟ್ಟರೆ ರಸಭಂಗವಾದೀತು. ವೈದ್ಯವಿಷಯದಲ್ಲಿ ಕೆಟ್ಟರೆ ರೋಗಿಯ ಕಣ್ಣಿಗೆ, ಮೂತ್ರಪಿಂಡಕ್ಕೆ, ಕಾಲಿಗೆ ಕೇಡು ಬಂದೀತು. ರಕ್ತದಲ್ಲಿ ಸಕ್ಕರೆ ಹೆಚ್ಚಿದರೆ ರಕ್ತವು ಪಾಕದಂತೆ ಗಟ್ಟಿಯಾಗಿ ನಾಳಗಳಲ್ಲಿ ಕಟ್ಟಿಕೊಳ್ಳುತ್ತದೆಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಈ ಹೋಲಿಕೆಯನ್ನು ಒರೆಗೆ ಹಚ್ಚುವುದೇ ಪ್ರಸ್ತುತ ಲೇಖನದ ಉದ್ದೇಶ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಸೀಮೆಯನ್ನು ಇದಕ್ಕೆ ಆರಿಸಿಕೊಂಡುದಕ್ಕೆ ಕಾರಣವುಂಟು. 1939ರಲ್ಲಿ ಸ್ಥಾಪನೆಗೊಂಡ ಉಗಾರ ಸಕ್ಕರೆ ಕಾರ್ಖಾನೆಯ ಈ ಕಬ್ಬಿನ ನಾಡಿನಲ್ಲಿ ಪಾಕವೆಂದರೇನೆಂದು ಯಾರಿಗೂ ಹೇಳಬೇಕಾಗಿಲ್ಲ. ಅದಕ್ಕಿಂತ ತಕ್ಕ ಮತ್ತೊಂದು ಉಪಮಾನವೂ ಇಲ್ಲಿಯ ಹೊಲಗಳಲ್ಲಿಯೇ ಇದೆ.

ಮೊದಲು ಲೆಕ್ಕವನ್ನು ನೋಡೋಣ. ಪ್ರೌಢ ಮನುಷ್ಯನ ಮೈಯಲ್ಲಿ ಸುಮಾರು 5 ಲೀಟರು ರಕ್ತವಿದೆಯೆನ್ನಬಹುದು. ನೂರು ಮಿಲಿಲೀಟರಿಗೆ 100 ಮಿಲಿಗ್ರಾಂ ಗ್ಲೂಕೋಸ್ ಇದ್ದರೆ ಒಟ್ಟು 5 ಗ್ರಾಂ, ಎಂದರೆ ಒಂದು ಚಹಾ ಚಮಚೆಯಷ್ಟು. ಅದು 300ಕ್ಕೆ ಏರಿದರೂ ಒಟ್ಟು 15 ಗ್ರಾಂ, ಲೀಟರಿಗೆ 3 ಗ್ರಾಂ ಮಾತ್ರ. ಲೀಟರಿಗೆ ನೂರು ಗ್ರಾಮಿಗೂ ಮಿಕ್ಕಿ ಸಕ್ಕರೆಯುಳ್ಳ ಹಸಿ ಕಬ್ಬಿನ ಹಾಲು ಗಾಣದಿಂದ ಸರಾಗವಾಗಿ ಹರಿಯುತ್ತದೆ. ಹೀಗಿರಲು ಲೀಟರಿಗೆ ಮೂರು ಗ್ರಾಂ ಸಕ್ಕರೆ ರಕ್ತವನ್ನು ಪಾಕವಾಗಿಸೀತೆ? ಸಕ್ಕರೆ ವಿಪರೀತವಾಗಿ ಏರಿದಾಗ ದೇಹದ ನೀರು ಬತ್ತಿ ರಕ್ತ ಸಾಂದ್ರವಾಗುವುದುಂಟು. ಅದು ತುರ್ತು ಅವಸ್ಥೆಯೇ ಹೊರತು, ವರ್ಷಗಟ್ಟಲೆ ನಡೆಯುವ ಹಾನಿಗೆ ಅದು ವಿವರಣೆಯಾಗದು.

ಹಾನಿಯ ನೆಲೆ ರಕ್ತವಲ್ಲ, ನಾಳದ ಒಳಮೈ. ಒಂದೇ ಕೋಶದಷ್ಟು ತೆಳುವಾದ ಜೀವಂತ ಪೊರೆಯೊಂದು ಅದನ್ನು ಹೊದ್ದಿದೆ. ನಾಳವು ಸಡಿಲಗೊಳ್ಳುವುದು ಈ ಒಳಪೊರೆಯ ಸೂಚನೆಯಿಂದೆಂದು 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ತೋರಿಸಿಕೊಟ್ಟರು. ಸೂಚನೆಯನ್ನು ಒಯ್ಯುವ ವಸ್ತು ನೈಟ್ರಿಕ್ ಆಕ್ಸೈಡ್ ಎಂಬುದು ಅನಂತರ ಸ್ಥಿರಪಟ್ಟಿತು. ಮಾಂಸಖಂಡದ ಕೋಶವು ಗ್ಲೂಕೋಸನ್ನು ಹೇರಳವಾಗಿ ಒಳಕ್ಕೆ ಕರೆದುಕೊಳ್ಳಲು ಇನ್ಸುಲಿನ್ನಿನ ಅಪ್ಪಣೆ ಬೇಕು. ಒಳಪೊರೆಯ ಕೋಶಕ್ಕೆ ಬೇಡ. ಹೊರಗೆ ಸಕ್ಕರೆ ಏರಿದಂತೆ ಅದರೊಳಗೂ ಏರುತ್ತದೆ. ತೂಬನ್ನು ಮುಚ್ಚುವ ಸಾಮರ್ಥ್ಯ ಅದಕ್ಕಿಲ್ಲ. 2001ರಲ್ಲಿ ಮೈಕೆಲ್ ಬ್ರೌನ್‌ಲೀ ಮಂಡಿಸಿದ ಸಿದ್ಧಾಂತದ ಮೇರೆಗೆ, ಹೀಗೆ ನುಗ್ಗಿದ ಗ್ಲೂಕೋಸನ್ನು ಉರಿಸುವ ಮೈಟೊಕಾಂಡ್ರಿಯಗಳಿಂದ ಸೂಪರ್ ಆಕ್ಸೈಡ್ ಮಿತಿಮೀರಿ ಹೊಮ್ಮಿ, ಗ್ಲೂಕೋಸನ್ನು ಸಹಜ ಮಾರ್ಗದಿಂದ ನಾಲ್ಕು ಹಾನಿಕರ ಮಾರ್ಗಗಳಿಗೆ ತಿರುಗಿಸುತ್ತದೆ. ನೈಟ್ರಿಕ್ ಆಕ್ಸೈಡ್ ಕುಂದುತ್ತದೆ, ನಾಳ ಬಿಗಿಯುತ್ತದೆ, ಪೊರೆಯ ಸಂದುಗಳು ಸೋರುತ್ತವೆ, ಬಿಳಿಯ ರಕ್ತಕಣಗಳು ಅದಕ್ಕೆ ಅಂಟತೊಡಗುತ್ತವೆ.

ಇದಕ್ಕೆ ಒಪ್ಪುವ ಉಪಮಾನ ಸವಳು-ಜವಳು. ಕಪ್ಪು ನೆಲಕ್ಕೆ ವರ್ಷವರ್ಷವೂ ಮಿತಿಮೀರಿ ನೀರು ಹಾಯಿಸಿದರೆ ಅಂತರ್ಜಲವು ಮೇಲೇರಿ, ಉಪ್ಪು ಮೇಲ್ಮೈಗೆ ಬಂದು, ಕಬ್ಬು ಸೊರಗುತ್ತದೆ. ಇಲ್ಲಿ ಕಾಲುವೆ ಕಟ್ಟಿಲ್ಲ, ನೀರೂ ಗಟ್ಟಿಯಾಗಿಲ್ಲ, ಕೆಟ್ಟಿರುವುದು ನೆಲ. ಬದುಕಿಗೆ ಬೇಕಾದುದೇ ಅತಿಯಾಗಿ ಕೆಡಿಸಿದೆ. ನೀರನ್ನು ಕಡಿಮೆ ಮಾಡಿದ ಮರುದಿನವೇ ಉಪ್ಪು ಇಳಿದುಹೋಗುವುದಿಲ್ಲವೆಂಬುದೂ ರೈತನಿಗೆ ಗೊತ್ತು.

ಈ ಕೊನೆಯ ಅಂಶವೇ ಮುಖ್ಯವಾದುದು. ಅಮೆರಿಕ ಮತ್ತು ಕೆನಡಾಗಳಲ್ಲಿ 1441 ಮಂದಿ ಮೊದಲನೆಯ ಬಗೆಯ ಮಧುಮೇಹಿಗಳ ಮೇಲೆ ನಡೆದು 1993ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟವರಿಗೆ ಕಣ್ಣು, ಮೂತ್ರಪಿಂಡ, ನರಗಳ ಹಾನಿ ಕಡಿಮೆಯಾಯಿತು. ಮುಂದೆ ಎರಡು ಗುಂಪುಗಳ ಸಕ್ಕರೆಯ ಮಟ್ಟ ಒಂದೇ ಆದ ಮೇಲೆಯೂ ಮೊದಲಿನ ಅಂತರ ವರ್ಷಗಳ ಕಾಲ ಉಳಿಯಿತು. ಒಳಪೊರೆಗೆ ನೆನಪುಂಟೆಂದು ವಿದ್ವಾಂಸರು ಇದನ್ನು ಅರ್ಥೈಸುತ್ತಾರೆ.

ಸವಳಿನ ಹೋಲಿಕೆಗೂ ಮಿತಿಯಿದೆಯೆಂಬುದನ್ನು ಒಪ್ಪಲೇಬೇಕು. ನೆಲಕ್ಕೆ ಬಸಿಗಾಲುವೆ ತೋಡಬಹುದು. ಒಳಪೊರೆಗೆ ಅಂಥ ಬಸಿಗಾಲುವೆಯಿಲ್ಲ. ನಾಳವನ್ನು ಕೆಡಿಸುವುದು ಸಕ್ಕರೆಯೊಂದೇ ಅಲ್ಲ; ರಕ್ತದೊತ್ತಡವುಂಟು, ನಿಪ್ಪಾಣಿಯ ಹೆಸರಿನೊಡನೆ ಬೆಸೆದುಕೊಂಡಿರುವ ತಂಬಾಕೂ ಉಂಟು; ಅದರ ಹೊಗೆ ಇದೇ ಒಳಪೊರೆಯನ್ನು ಕೆಡಿಸುತ್ತದೆ. ಈ ಕೊರತೆಗಳಿದ್ದರೂ ಎರಡು ಉಪಮಾನಗಳು ಕಲಿಸುವ ನಡತೆ ಬೇರೆ ಬೇರೆ. ಪಾಕವೆಂದು ನಂಬಿದವನು ಸಕ್ಕರೆ ಇಳಿದ ದಿನ ಪಾಕ ತೆಳುವಾಯಿತೆಂದು ಗುಳಿಗೆಯನ್ನು ಬಿಡುತ್ತಾನೆ. ಸವಳೆಂದು ತಿಳಿದವನು ಬೆಳೆ ಹಸುರಾಗಿರುವಾಗಲೇ, ನೋವು ತೋರುವ ಮೊದಲೇ, ನೆಲವನ್ನು ಕಾಯುತ್ತಾನೆ. ವೈದ್ಯಸಾಹಿತ್ಯವನ್ನು ಬರೆಯುವವರು ಇವೆರಡರಲ್ಲಿ ಯಾವುದನ್ನು ರೋಗಿಯ ಕೈಗೆ ಕೊಡುತ್ತೇವೆಂಬುದನ್ನು ಯೋಚಿಸತಕ್ಕದ್ದು.