ಚಿತ್ರಸಂಕಲನದಲ್ಲಿ ಲೋಪಸಂಧಿ

‘ಮಾತು ಇಲ್ಲ’ ಎಂಬುದು ‘ಮಾತಿಲ್ಲ’ ಎಂದಾದಾಗ ಲೋಪವಾದ ಉಕಾರವನ್ನು ಕಿವಿ ಅರಸುವುದಿಲ್ಲ. ಆದರೆ ಅರ್ಥ ಕೆಡುವೆಡೆ ಲೋಪ ಸಲ್ಲದೆಂಬುದು ನಮ್ಮ ವೈಯಾಕರಣರ ಕಟ್ಟಳೆ. ವಿದ್ಯಾರ್ಥಿಗಳ ಕಿರುಚಿತ್ರಗಳನ್ನೂ ಇದೇ ಒರೆಗಲ್ಲಿಗೆ ಹಚ್ಚಿ ನೋಡಬೇಕು.

ಠಾಣೆಯಿಂದ ಐರೋಲಿಗೆ ಬರುವ ಲೋಕಲ್ ಗಾಡಿಯು ತೆರೆಯ ಮೇಲೆ ಎಡದಿಂದ ಬಲಕ್ಕೆ ಸಾಗುತ್ತಿರಲು, ಮುಂದಿನ ಚಿತ್ರಿಕೆಯನ್ನು ಹಳಿಯ ಆಚೆಬದಿಯಿಂದ ತೆಗೆದರೆ ಅದು ಠಾಣೆಗೇ ಮರಳಿದಂತೆ ತೋರುವುದು. ೧೮೦ ಡಿಗ್ರಿಯ ರೇಖೆಯನ್ನು ದಾಟಬಾರದೆಂಬ ನಿಯಮ ಇದಕ್ಕಾಗಿಯೇ. ಇಳಿಯುವವನು ಕಂಬಿಗೆ ಕೈ ಚಾಚುತ್ತಿರುವಾಗಲೇ ಕತ್ತರಿಸಿ, ಅದೇ ಚಲನೆಯನ್ನು ಸಮೀಪದಿಂದ ಮುಂದುವರಿಸಿದರೆ ಸಂದು ಕಾಣದು. ಇವೆಲ್ಲ ಅಭ್ಯಾಸಸಾಧ್ಯ.

ತೊಡಕಿರುವುದು ವಲಸೆ ಬಂದ ಹಿರಿಯರ ಸಂದರ್ಶನದಲ್ಲಿ. ಮಾತನ್ನು ನಡುವೆ ತುಂಡರಿಸಿ, ಆ ಸಂದನ್ನು ಅವರ ಕೈಗಳ ಚಿತ್ರಿಕೆಯಿಂದ ಮುಚ್ಚುವುದು ರೂಢಿ. ‘ಊರಿಗೆ ಮರಳಬೇಕೆಂದಿದ್ದೆ, ಈಗ ಬೇಡ’ ಎಂದು ಒಬ್ಬರು ಆಡಿದರೆನ್ನೋಣ. ಎರಡನೆಯ ಮಾತು ಹೀಗೆ ಬಿದ್ದುಹೋದರೆ, ನೋಟದ ಸಾತತ್ಯ ಉಳಿದು ಆಡಿದವರ ಅಭಿಪ್ರಾಯವೇ ತಲೆಕೆಳಗಾಗುತ್ತದೆ. ಅಲ್ಲಿ ಸಂದು ಕಾಣುವಂತೆ ಬಿಡುವುದೇ ಲೇಸು.