ವಿರಕ್ತಿಯ ಹಂಬಲವೂ ಶೂನ್ಯಸಂಪಾದನೆಯ ಓದೂ

ನಾಗಮಂಗಲ ಸೀಮೆಗೆ ಹೊಂದಿಕೊಂಡ ಕುಣಿಗಲ್ ತಾಲ್ಲೂಕಿನ ಎಡೆಯೂರು ತೋಂಟದ ಸಿದ್ಧಲಿಂಗ ಯತಿಗಳ ಐಕ್ಯಸ್ಥಳ. ಆ ಯತಿಗಳ ಪರಂಪರೆ ನಾಡಿಗಿತ್ತದ್ದು ಗದ್ದುಗೆಯೊಂದನ್ನೇ ಅಲ್ಲ. ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಕಲಿಸಿದ ಶೂನ್ಯಸಂಪಾದನೆಯನ್ನು ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣೊಡೆಯರು ಪರಿಷ್ಕರಿಸಿದ್ದು ಈ ಪರಂಪರೆಯಲ್ಲಿಯೇ. ಸಂಸಾರವೋ ವಿರಕ್ತಿಯೋ ಎಂದು ತೊಳಲುವ ಸಾಧಕನಿಗೆ ಇದಕ್ಕಿಂತ ನಿಷ್ಠುರನಾದ ಸಂಗಾತಿ ಕನ್ನಡದಲ್ಲಿ ಇನ್ನೊಂದಿಲ್ಲ.

ಪುರಾಣಗಳು ವೈರಾಗ್ಯವನ್ನು ಕೊಂಡಾಡುತ್ತವೆ. ಓದುಗನ ಕಣ್ಣು ತೇವವಾಗುತ್ತದೆ. ಆ ತೇವವನ್ನೇ ಅವನು ಕರೆಯೆಂದು ಭ್ರಮಿಸುವುದುಂಟು. ಈ ಗ್ರಂಥ ಅದಕ್ಕೆ ಎಡೆಗೊಡದು. ಇಲ್ಲಿ ಕಲ್ಯಾಣದ ಬಾಗಿಲಿಗೆ ಬಂದವರನ್ನೆಲ್ಲ ತಡೆದು ಕೇಳಲಾಗುತ್ತದೆ. ಸರ್ವಸ್ವವನ್ನೂ ತೊರೆದು ಬಂದ ಅಕ್ಕಮಹಾದೇವಿಯೂ ಪ್ರಭುದೇವರ ಪ್ರಶ್ನೆಗಳಿಂದ ಪಾರಾಗಲಿಲ್ಲ. ಉಡುಗೆಯನ್ನು ಬಿಟ್ಟವಳು ಕೇಶದಿಂದ ಮೈಮರೆಸಿಕೊಂಡದ್ದೇಕೆ ಎಂಬ ಪ್ರಶ್ನೆ ತ್ಯಾಗದ ಬುಡವನ್ನೇ ಅಲುಗಿಸುವಂಥದು.

ತೀರ್ಪುಗಳೂ ಒಂದೇ ಬಗೆಯವಲ್ಲ. ಸೊನ್ನಲಿಗೆಯಲ್ಲಿ ಕೆರೆಕಟ್ಟೆಗಳ ಲೋಕೋಪಕಾರವೇ ಪರಮಾರ್ಥವೆಂದಿದ್ದ ಸಿದ್ಧರಾಮರನ್ನು ಅಲ್ಲಮಪ್ರಭುಗಳು ಕೆಣಕಿ, ಅದರಿಂದ ಬಿಡಿಸಿ ಕಲ್ಯಾಣಕ್ಕೆ ಕರೆತರುತ್ತಾರೆ. ಆಯ್ದಕ್ಕಿ ಮಾರಯ್ಯನ ಪ್ರಸಂಗದಲ್ಲಾದರೋ ನಡೆ ತಿರುಗುಮುರುಗು: ಅನುಭಾವದ ಮಾತಿನಲ್ಲಿ ಮೈಮರೆತ ಗಂಡನನ್ನು ಲಕ್ಕಮ್ಮ ಎಚ್ಚರಿಸಿ ಅಕ್ಕಿ ಆಯುವ ಕಾಯಕಕ್ಕೆ ಅಟ್ಟುತ್ತಾಳೆ. ಮೊದಲ ಪ್ರಸಂಗವನ್ನಷ್ಟೇ ಓದಿದವನು ಮನೆ ಬಿಟ್ಟಾನು, ಎರಡನೆಯದನ್ನಷ್ಟೇ ಓದಿದವನು ಮನೆಗೇ ಅಂಟಿಕೊಂಡಾನು. ತನಗೆ ಪ್ರಿಯವಾದ ಪುಟವನ್ನೇ ಮತ್ತೆ ಮತ್ತೆ ತೆರೆಯುವುದು ಸಾಧಕನ ದೊಡ್ಡ ಅಪಾಯ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಶ್ರೀವೈಷ್ಣವರಲ್ಲಿ ಗ್ರಂಥವನ್ನು ಗುರುಮುಖದಿಂದ ಕ್ರಮವಾಗಿ ಕೇಳುವ ಕಾಲಕ್ಷೇಪದ ಸಂಪ್ರದಾಯವುಂಟು. ಶೂನ್ಯಸಂಪಾದನೆಗೂ ಅಂಥ ಪಾಠಕ್ರಮ ಒಪ್ಪುತ್ತದೆ.

ಗ್ರಂಥದಲ್ಲಿ ಕೊರತೆಯೂ ಉಂಟು. ಬೇರೆ ಬೇರೆ ಸಂದರ್ಭಗಳ ವಚನಗಳನ್ನು ಸಂಕಲನಕಾರರು ಸಂವಾದವಾಗಿ ಹೆಣೆದಿದ್ದಾರೆ; ಪ್ರಭುದೇವರಿಗೆ ಸೋಲೆಂಬುದೇ ಇಲ್ಲ. ಆದುದರಿಂದ ಇದನ್ನು ಶರಣರ ಜೀವನಚರಿತ್ರೆಯೆಂದು ಬಗೆದು, ಅವರು ನಡೆದಂತೆಯೇ ನಡೆದೇನೆಂದು ಹೊರಡುವುದು ತರವಲ್ಲ. ಮಹಾದೇವಯ್ಯನ ಸಂಕಲನದಲ್ಲಿಲ್ಲದ ಸಿದ್ಧರಾಮರ ಇಷ್ಟಲಿಂಗದೀಕ್ಷೆಯ ಪ್ರಸಂಗ ಮುಂದಿನ ಪರಿಷ್ಕರಣದಲ್ಲಿ ಸೇರಿದೆ. ಸಿದ್ಧರಾಮರಂಥ ಯೋಗಿಗೆ ಹೊರಗಿನ ದೀಕ್ಷೆ ಬೇಕಿತ್ತೆ ಎಂಬುದರಲ್ಲಿ ಸಂಪಾದಕರೇ ಒಮ್ಮತಕ್ಕೆ ಬಂದಿರಲಿಲ್ಲ. ದೀಕ್ಷೆಯನ್ನು ಬಯಸಿ ಮಠದ ಮೆಟ್ಟಿಲೇರುವ ತರುಣನು ಓದಬೇಕಾದದ್ದು ಈ ಎರಡು ಪಾಠಗಳನ್ನೂ, ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು.